ಲಿನಕ್ಸ್ ಗಣಕಯಂತ್ರ: ಹೊಸ ಬಳಕೆದಾರರ ತಪ್ಪುಗಳು ಮತ್ತು ಅವುಗಳ ನಿವಾರಣೆ

ಗಣಕಯಂತ್ರದ ಯಂತ್ರಭಾಗಗಳಿಗೂ ಬಳಕೆದಾರನಿಗೂ ನಡುವೆ ನಿಂತು ಎಲ್ಲ ಕೆಲಸಗಳನ್ನೂ ನಡೆಸಿಕೊಡುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು. ಇಂತಹ ವ್ಯವಸ್ಥೆಗಳಲ್ಲಿ ಲಿನಕ್ಸ್ ಒಂದು. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅವರು, ತಾವು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣಾ ವ್ಯವಸ್ಥೆಯನ್ನು ರಚಿಸುತ್ತಿರುವುದಾಗಿ ಪ್ರಕಟಿಸಿದರು. ಹವ್ಯಾಸವಾಗಿ ಆರಂಭವಾದ ಆ ಕೆಲಸವು ಇಂದು ಜಗತ್ತಿನಾದ್ಯಂತ ಹರಡಿದೆ. ಆಂಡ್ರಾಯ್ಡ್ ಮೊಬೈಲ್ ದೂರವಾಣಿಗಳ ಒಳತಿರುಳು ಲಿನಕ್ಸ್ ಆಗಿದೆ. ಜಗತ್ತಿನ ಅತಿ ವೇಗದ 500 ಗಣಕಯಂತ್ರಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದೀಚೆಗೆ ಲಿನಕ್ಸ್ ಒಂದೇ ಸ್ಥಾನ ಪಡೆದಿದೆ.

ನಮ್ಮ ದೇಶದಲ್ಲಿಯೂ ಲಿನಕ್ಸ್ ಹೊಸದೇನಲ್ಲ. ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಆಧರಿಸಿ ‘ಬಾಸ್’ ಎಂಬ ಭಾರತೀಯ ವಿತರಣೆಯನ್ನು ರೂಪಿಸಿದೆ. ಅದರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅವಕಾಶ ಕಲ್ಪಿಸಲಾಗಿದೆ. ಸರ್ಕಾರಿ ಕಚೇರಿಗಳಲ್ಲಿ ಮುಕ್ತ ಆಕರ ತಂತ್ರಾಂಶದ ಬಳಕೆಗೆ ಆದ್ಯತೆ ನೀಡುವ ನೀತಿಯನ್ನು ಭಾರತ ಸರ್ಕಾರವು 2015ರಲ್ಲಿ ಪ್ರಕಟಿಸಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು ಕೊನೆಗೊಂಡ ಮೇಲೆ, ಹಳೆಯ ಯಂತ್ರವನ್ನು ಎಸೆಯಲು ಮನಸ್ಸಿಲ್ಲದ ಅನೇಕ ಮನೆಗಳವರು ಲಿನಕ್ಸಿನತ್ತ ದೃಷ್ಟಿ ಹರಿಸುತ್ತಿದ್ದಾರೆ.

ಹೀಗೆ ಹೊಸದಾಗಿ ಬಂದವರು ಮೊದಲ ಕೆಲವು ತಿಂಗಳುಗಳಲ್ಲಿ ಮಾಡುವ ತಪ್ಪುಗಳು ಬಹುಮಟ್ಟಿಗೆ ಒಂದೇ ಬಗೆಯವು. ಲಿನಕ್ಸ್ ದುರ್ಬಲವಾದ ವ್ಯವಸ್ಥೆಯೆಂಬುದು ಇದಕ್ಕೆ ಕಾರಣವಲ್ಲ. ಒಡೆಯನು ಹೇಳಿದ ಮಾತನ್ನು ಮರುಪ್ರಶ್ನಿಸದೆ ನಡೆಸುವುದು ಅದರ ಸ್ವಭಾವ. ಹೇಳಿದ ಮಾತು ತಪ್ಪಾಗಿದ್ದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ನೆರವೇರಿಸುತ್ತದೆ. ವ್ಯವಸ್ಥೆಯು ಕೆಟ್ಟರೆ ಒಂದೆರಡು ಗಂಟೆಗಳಲ್ಲಿ ಅದನ್ನು ಮತ್ತೆ ಸ್ಥಾಪಿಸಿಕೊಳ್ಳಬಹುದು. ಆದರೆ ಅದರೊಡನೆ ಅಳಿದುಹೋದ ಮಕ್ಕಳ ಭಾವಚಿತ್ರಗಳು, ಸಂಶೋಧನಾ ವಿದ್ಯಾರ್ಥಿಯ ಪ್ರಬಂಧ, ಅಂಗಡಿಯ ಲೆಕ್ಕಪತ್ರ ಇವು ಯಾವ ಪೇಟೆಯಲ್ಲಿಯೂ ದೊರೆಯುವುದಿಲ್ಲ. ಆದುದರಿಂದ ಈ ತಪ್ಪುಗಳನ್ನು ಮುಂಚಿತವಾಗಿ ಅರಿತಿರುವುದು ಅಗತ್ಯ.

ಸರ್ವಾಧಿಕಾರದ ದುರ್ಬಳಕೆ

ಲಿನಕ್ಸ್ ವ್ಯವಸ್ಥೆಯಲ್ಲಿ ಬಳಕೆದಾರರು ಎರಡು ಬಗೆ. ಮೊದಲನೆಯವನು ಸಾಮಾನ್ಯ ಬಳಕೆದಾರ. ಅವನು ತನಗೆ ಸೇರಿದ ಕಡತಗಳನ್ನು ಮಾತ್ರ ಬದಲಿಸಬಲ್ಲನು. ಎರಡನೆಯವನು ‘ರೂಟ್’ ಎಂಬ ಹೆಸರಿನ ಸರ್ವಾಧಿಕಾರಿ. ಅವನಿಗೆ ಯಾವ ತಡೆಯೂ ಇಲ್ಲ. ಸಾಮಾನ್ಯ ಬಳಕೆದಾರನು ಒಂದು ಕೆಲಸದ ಮಟ್ಟಿಗೆ ಆ ಅಧಿಕಾರವನ್ನು ಎರವಲು ಪಡೆಯಲು ‘ಸುಡೋ’ ಎಂಬ ಆದೇಶವಿದೆ.

ಹೊಸ ಬಳಕೆದಾರನು ಯಾವುದಾದರೊಂದು ಕೆಲಸ ಮಾಡಹೊರಟಾಗ ‘ಅನುಮತಿ ಇಲ್ಲ’ ಎಂಬ ಉತ್ತರ ಬರುತ್ತದೆ. ಅದೇ ಆದೇಶದ ಮುಂದೆ ‘ಸುಡೋ’ ಸೇರಿಸಿದರೆ ಕೆಲಸವು ಕೂಡಲೇ ನಡೆಯುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಪ್ರತಿಯೊಂದು ಆದೇಶಕ್ಕೂ ‘ಸುಡೋ’ ಸೇರಿಸುವುದು ರೂಢಿಯಾಗುತ್ತದೆ. ಕೆಲವರು ರೂಟ್ ಆಗಿಯೇ ಪ್ರವೇಶಿಸಿ ದಿನದ ಕೆಲಸವನ್ನೆಲ್ಲ ಮಾಡುತ್ತಾರೆ. ‘ಅನುಮತಿ ಇಲ್ಲ’ ಎಂಬುದನ್ನು ಅಡ್ಡಿಯೆಂದು ಎಣಿಸದೆ ಒಂದು ಪ್ರಶ್ನೆಯೆಂದು ತಿಳಿಯಬೇಕು. ‘ಈ ಕಡತವು ನಿನ್ನದಲ್ಲ, ಇದನ್ನು ಮುಟ್ಟಲು ಕಾರಣವಿದೆಯೇ?’ ಎಂದು ವ್ಯವಸ್ಥೆಯು ಕೇಳುತ್ತಿರುತ್ತದೆ. ಹೊಸ ತಂತ್ರಾಂಶವನ್ನು ಸ್ಥಾಪಿಸುವುದು, ವ್ಯವಸ್ಥೆಯನ್ನು ನವೀಕರಿಸುವುದು ಮುಂತಾದ ಕೆಲವೇ ಕೆಲಸಗಳಿಗೆ ‘ಸುಡೋ’ ಬೇಕು. ಪತ್ರ ಬರೆಯಲು, ಚಿತ್ರ ನೋಡಲು, ಅಂತರಜಾಲ ಬಳಸಲು ಅದು ಎಂದಿಗೂ ಬೇಕಿಲ್ಲ.

ಒಂದು ಖಾಲಿ ಸ್ಥಳದ ಬೆಲೆ

ಕಡತಗಳನ್ನು ಅಳಿಸುವ ಆದೇಶಕ್ಕೆ ‘ಆರ್‌ಎಂ’ ಎಂದು ಹೆಸರು. ಅದರೊಡನೆ ‘ಆರ್’ ಮತ್ತು ‘ಎಫ್’ ಎಂಬ ಎರಡು ಅಕ್ಷರಗಳ ಸೂಚನೆಯನ್ನು ಸೇರಿಸಿದರೆ, ಹೇಳಿದ ಕಡತಕೋಶವನ್ನೂ ಅದರೊಳಗಿನ ಸಮಸ್ತವನ್ನೂ ಯಾವ ಪ್ರಶ್ನೆಯನ್ನೂ ಕೇಳದೆ ಅಳಿಸಿಹಾಕುತ್ತದೆ. ಪರದೆಯ ಮೇಲಿನ ಕಿಟಕಿಗಳಲ್ಲಿ ಕಡತವನ್ನು ಅಳಿಸಿದಾಗ ಅದು ಕಸದ ಬುಟ್ಟಿಗೆ ಹೋಗುತ್ತದೆ. ಮನಸ್ಸು ಬದಲಾದರೆ ಮರಳಿ ಪಡೆಯಬಹುದು. ‘ಆರ್‌ಎಂ’ ಆದೇಶಕ್ಕೆ ಕಸದ ಬುಟ್ಟಿಯಿಲ್ಲ.

2011ರಲ್ಲಿ ‘ಬಂಬಲ್‌ಬೀ’ ಎಂಬ ತಂತ್ರಾಂಶದ ಸ್ಥಾಪನಾ ಬರಹದಲ್ಲಿ ಇಂತಹ ಒಂದು ತಪ್ಪು ನುಸುಳಿತ್ತು. ‘ಯುಎಸ್‌ಆರ್’ ಎಂಬ ಕೋಶದ ಒಳಗಿನ ಒಂದು ಉಪಕೋಶವನ್ನು ಅಳಿಸಬೇಕಾಗಿತ್ತು. ಆದರೆ ದಾರಿಯ ಹೆಸರಿನ ನಡುವೆ ಕೈತಪ್ಪಿನಿಂದ ಒಂದು ಖಾಲಿ ಸ್ಥಳ ಬಿದ್ದಿತ್ತು. ಗಣಕಯಂತ್ರವು ಅದನ್ನು ಎರಡು ಬೇರೆ ಬೇರೆ ಹೆಸರುಗಳೆಂದು ಓದಿಕೊಂಡಿತು. ಮೊದಲನೆಯ ಹೆಸರು ‘ಯುಎಸ್‌ಆರ್’ ಎಂದಷ್ಟೇ ಉಳಿಯಿತು. ವ್ಯವಸ್ಥೆಯ ಬಹುಪಾಲು ತಂತ್ರಾಂಶಗಳು ನೆಲೆಸಿರುವುದು ಆ ಕೋಶದಲ್ಲಿಯೇ. ಸ್ಥಾಪಿಸಲು ಹೊರಟವರ ಯಂತ್ರಗಳಲ್ಲಿ ಆ ಕೋಶವೇ ಮಾಯವಾಯಿತು.

2015ರ ಜನವರಿಯಲ್ಲಿ ಬೆಳಕಿಗೆ ಬಂದ ಇನ್ನೊಂದು ಪ್ರಕರಣವು ಹೆಚ್ಚು ಬೋಧಪ್ರದವಾಗಿದೆ. ‘ಸ್ಟೀಮ್’ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯು ತನ್ನ ಕೋಶದ ಹೆಸರನ್ನು ಒಂದು ಚರಪದದಲ್ಲಿ ಇರಿಸಿಕೊಂಡು, ಅದರ ಒಳಗಿನ ಎಲ್ಲವನ್ನೂ ಅಳಿಸುವಂತೆ ಬರೆದ ಸಾಲೊಂದನ್ನು ಹೊಂದಿತ್ತು. ಬಳಕೆದಾರನು ಕೋಶವನ್ನು ಬೇರೆಡೆಗೆ ಸ್ಥಳಾಂತರಿಸಿದ್ದ ಸಂದರ್ಭದಲ್ಲಿ ಆ ಚರಪದವು ಬರಿದಾಯಿತು. ಉಳಿದದ್ದು ಒಂದು ಓರೆಗೆರೆ ಮತ್ತು ಒಂದು ನಕ್ಷತ್ರ ಚಿಹ್ನೆ. ಲಿನಕ್ಸಿನಲ್ಲಿ ಓರೆಗೆರೆಯೆಂದರೆ ಎಲ್ಲ ಕಡತಗಳ ಮೂಲಸ್ಥಾನ. ನಕ್ಷತ್ರ ಚಿಹ್ನೆಯೆಂದರೆ ಅದರೊಳಗಿನ ಸಕಲವೂ. ತಂತ್ರಾಂಶವು ರೂಟ್ ಅಧಿಕಾರದಲ್ಲಿ ನಡೆಯುತ್ತಿರಲಿಲ್ಲವಾದ್ದರಿಂದ ವ್ಯವಸ್ಥೆಯ ಕಡತಗಳು ಉಳಿದವು. ಆದರೆ ಬಳಕೆದಾರನ ಸ್ವಂತ ಕಡತಗಳೆಲ್ಲವೂ ಹೋದವು. ಮೀಸಲು ಪ್ರತಿಗಾಗಿ ಯಂತ್ರಕ್ಕೆ ಜೋಡಿಸಿದ್ದ ಹೊರಗಿನ ಡಿಸ್ಕಿನ ಕಡತಗಳೂ ಉಳಿಯಲಿಲ್ಲ.

ಈ ಘಟನೆಯಿಂದ ಎರಡು ಪಾಠಗಳು ದೊರೆಯುತ್ತವೆ. ರೂಟ್ ಅಧಿಕಾರದ ತಡೆಯು ವ್ಯವಸ್ಥೆಯನ್ನು ರಕ್ಷಿಸುತ್ತದೆಯೇ ಹೊರತು ಬಳಕೆದಾರನ ಸ್ವಂತ ಆಸ್ತಿಯನ್ನಲ್ಲ. ಎರಡನೆಯದಾಗಿ, ಸದಾ ಜೋಡಿಸಿಟ್ಟ ಡಿಸ್ಕಿನಲ್ಲಿರುವ ಪ್ರತಿಯು ನಿಜವಾದ ಮೀಸಲು ಪ್ರತಿಯಲ್ಲ. ಮೂಲಸ್ಥಾನವನ್ನೇ ಅಳಿಸುವ ಆದೇಶವನ್ನು ‘ಆರ್‌ಎಂ’ ಈಗ ನಿರಾಕರಿಸುತ್ತದೆಯಾದರೂ, ನಕ್ಷತ್ರ ಚಿಹ್ನೆ ಸೇರಿದಾಗ ಈ ರಕ್ಷಣೆಯು ನೆರವಿಗೆ ಬಾರದು. ಆದುದರಿಂದ ಅಳಿಸುವ ಮುನ್ನ ಅದೇ ದಾರಿಯ ಹೆಸರಿನೊಡನೆ, ಪಟ್ಟಿಯನ್ನು ತೋರಿಸುವ ‘ಎಲ್‌ಎಸ್’ ಆದೇಶವನ್ನು ನೀಡಿ, ಯಾವ ಯಾವ ಕಡತಗಳು ಬರುತ್ತವೆಂದು ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು.

ಅನುಮತಿಗಳನ್ನು ಸಡಿಲಿಸುವುದು

ಪ್ರತಿಯೊಂದು ಕಡತಕ್ಕೂ ಒಡೆಯ, ಗುಂಪು ಮತ್ತು ಇತರರು ಎಂಬ ಮೂರು ವರ್ಗಗಳಿಗೆ ಪ್ರತ್ಯೇಕ ಅನುಮತಿಗಳಿರುತ್ತವೆ. ಓದಲು 4, ಬರೆಯಲು 2, ನಡೆಸಲು 1 ಎಂಬ ಅಂಕಿಗಳನ್ನು ಕೂಡಿಸಿ ಇವನ್ನು ಸೂಚಿಸಲಾಗುತ್ತದೆ. ಮೂರನ್ನೂ ಕೂಡಿಸಿದರೆ 7. ಹೀಗಾಗಿ 777 ಎಂದರೆ ಎಲ್ಲರಿಗೂ ಎಲ್ಲ ಅಧಿಕಾರವೆಂದು ಅರ್ಥ. ಅನುಮತಿಗಳನ್ನು ಬದಲಿಸುವ ‘ಸಿಎಚ್‌ಮಾಡ್’ ಆದೇಶದೊಡನೆ ಈ ಅಂಕಿಯನ್ನು ಸೇರಿಸಿ, ಮೂಲಸ್ಥಾನದಿಂದ ಕೆಳಗಿನ ಎಲ್ಲ ಕಡತಗಳಿಗೂ ಅನ್ವಯಿಸಿದರೆ ತೊಂದರೆಗಳೆಲ್ಲ ಪರಿಹಾರವಾಗುತ್ತವೆಂದು ಹೊಸಬರು ಭಾವಿಸುತ್ತಾರೆ.

ನಡೆಯುವುದು ಇದಕ್ಕೆ ವಿರುದ್ಧವಾದದ್ದು. ‘ಸುಡೋ’ ತಂತ್ರಾಂಶವು ಕೆಲಸ ಮಾಡಬೇಕಾದರೆ ಅದರ ಕಡತಕ್ಕೆ ಒಂದು ವಿಶೇಷ ಗುರುತು ಇರಬೇಕು. 777 ಎಂದು ಬದಲಿಸಿದಾಗ ಆ ಗುರುತು ಅಳಿಸಿಹೋಗುತ್ತದೆ. ಅಲ್ಲದೆ, ಯಾರು ಬೇಕಾದರೂ ತಿದ್ದಬಹುದಾದ ನಿಯಮಾವಳಿಯ ಕಡತವನ್ನು ‘ಸುಡೋ’ ನಂಬುವುದಿಲ್ಲ. ಹೀಗೆ ತಪ್ಪನ್ನು ಸರಿಪಡಿಸಲು ಬೇಕಾದ ಅಧಿಕಾರವೇ ಕೈತಪ್ಪುತ್ತದೆ. ಸಾವಿರಾರು ಕಡತಗಳ ಮೊದಲಿನ ಅನುಮತಿಗಳನ್ನು ಒಂದೊಂದಾಗಿ ಮರಳಿ ನೀಡುವುದು ಅಸಾಧ್ಯಕ್ಕೆ ಸಮೀಪದ ಕೆಲಸವಾದ್ದರಿಂದ, ಬಹುಪಾಲು ಸಂದರ್ಭಗಳಲ್ಲಿ ಮರುಸ್ಥಾಪನೆಯೊಂದೇ ಉಳಿಯುವ ದಾರಿ. ಒಂದು ಕಡತಕ್ಕೆ ಅನುಮತಿ ಬೇಕಾದಾಗ ಆ ಒಂದು ಕಡತದ ಅನುಮತಿಯನ್ನು ಮಾತ್ರ, ಬೇಕಾದಷ್ಟು ಮಾತ್ರ ಬದಲಿಸಬೇಕು.

ಎಚ್ಚರಿಕೆಯನ್ನು ಓದದೆ ಒಪ್ಪಿಗೆ ನೀಡುವುದು

ಲಿನಕ್ಸಿನಲ್ಲಿ ತಂತ್ರಾಂಶಗಳು ‘ಪ್ಯಾಕೇಜ್’ ಎಂಬ ಕಟ್ಟುಗಳ ರೂಪದಲ್ಲಿ ವಿತರಣೆಯ ಅಧಿಕೃತ ಭಂಡಾರದಿಂದ ಬರುತ್ತವೆ. ಒಂದು ಪ್ಯಾಕೇಜ್ ಇನ್ನೊಂದನ್ನು ಅವಲಂಬಿಸಿರುತ್ತದೆ. ಬುಡದಲ್ಲಿರುವುದನ್ನು ತೆಗೆದರೆ ಅದರ ಮೇಲೆ ನಿಂತವೆಲ್ಲವೂ ಉರುಳುತ್ತವೆ.

2021ರ ನವೆಂಬರಿನಲ್ಲಿ ಕೆನಡಾದ ಲೀನಸ್ ಸೆಬಾಸ್ಟಿಯನ್ ಎಂಬ ಹೆಸರಾಂತ ತಂತ್ರಜ್ಞಾನ ನಿರೂಪಕರು ಲಿನಕ್ಸನ್ನು ಕಲಿಯುವ ತಮ್ಮ ಪ್ರಯತ್ನವನ್ನು ದೃಶ್ಯರೂಪದಲ್ಲಿ ಪ್ರಕಟಿಸಿದರು. ‘ಪಾಪ್ ಓಎಸ್’ ಎಂಬ ವಿತರಣೆಯಲ್ಲಿ ಸ್ಟೀಮ್ ತಂತ್ರಾಂಶವನ್ನು ಸ್ಥಾಪಿಸಲು ಹೊರಟಾಗ, ಆ ವೇಳೆ ಭಂಡಾರದಲ್ಲಿದ್ದ ದೋಷದಿಂದಾಗಿ, ಪರದೆಯ ಮೇಲಿನ ಕಾರ್ಯಪರಿಸರವನ್ನೇ ತೆಗೆದುಹಾಕಬೇಕಾಗುತ್ತದೆಂದು ವ್ಯವಸ್ಥೆಯು ತಿಳಿಸಿತು. ಇದು ಹಾನಿಕರವಾಗಬಹುದೆಂದು ಎಚ್ಚರಿಸಿ, ಮುಂದುವರಿಯಬೇಕಾದರೆ ‘ಹೌದು, ನಾನು ಹೇಳಿದಂತೆ ಮಾಡು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ಪೂರ್ತಿಯಾಗಿ ಬರೆಯಬೇಕೆಂದು ಕೇಳಿತು. ಅವರು ಅದನ್ನು ಬರೆದರು. ಕಾರ್ಯಪರಿಸರವು ಮಾಯವಾಯಿತು. ತಪ್ಪಿನ ಒಂದು ಪಾಲು ಬಳಕೆದಾರನದಾದರೆ ಇನ್ನೊಂದು ಪಾಲು ತಂತ್ರಾಂಶದ್ದು. ಅದನ್ನು ಅರಿತು, ಪ್ಯಾಕೇಜುಗಳನ್ನು ನಿರ್ವಹಿಸುವ ‘ಆಪ್ಟ್’ ತಂತ್ರಾಂಶದ ನಿಯಮಗಳನ್ನು ಮುಂದೆ ಬಿಗಿಗೊಳಿಸಲಾಯಿತು.

ಕನ್ನಡದ ಬಳಕೆದಾರನಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಕಿಟಕಿಗಳ ಪಟ್ಟಿಗಳನ್ನು ಕನ್ನಡದಲ್ಲಿ ಕಾಣಬಹುದಾದರೂ, ಟರ್ಮಿನಲ್ಲಿನಲ್ಲಿ ಬರುವ ಎಚ್ಚರಿಕೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಉದ್ದವಾದ ಇಂಗ್ಲಿಷ್ ಬರಹವನ್ನು ಕಂಡೊಡನೆ, ಇದು ಎಂದಿನ ಔಪಚಾರಿಕ ಮಾತೆಂದು ಬಗೆದು ‘ವೈ’ ಅಕ್ಷರವನ್ನು ಒತ್ತುವ ಅಭ್ಯಾಸ ಹಲವರಿಗಿದೆ. ಪೂರ್ತಿ ಓದಲಾಗದಿದ್ದರೂ ಒಂದು ಪದವನ್ನು ಮಾತ್ರ ಅವಶ್ಯವಾಗಿ ಗಮನಿಸಬೇಕು. ತೆಗೆದುಹಾಕಲಾಗುವುದು ಎಂಬರ್ಥದ ‘ರಿಮೂವ್ಡ್’ ಪದದ ಕೆಳಗೆ ಉದ್ದನೆಯ ಪಟ್ಟಿಯಿದ್ದರೆ ಕೂಡಲೇ ‘ಎನ್’ ಒತ್ತಿ ಹಿಂದೆ ಸರಿಯಬೇಕು. ಆ ಬರಹವನ್ನು ತಿಳಿದವರಿಗೆ ತೋರಿಸಿ ಅರ್ಥಮಾಡಿಕೊಂಡ ಮೇಲೆ ಮುಂದುವರಿಯಬಹುದು.

ಇದೇ ಗುಂಪಿಗೆ ಸೇರಿದ ಇನ್ನೆರಡು ತಪ್ಪುಗಳಿವೆ. ಬೇರೊಂದು ವಿತರಣೆಯ ಅಥವಾ ಬೇರೊಂದು ಆವೃತ್ತಿಯ ಭಂಡಾರವನ್ನು ತನ್ನ ವ್ಯವಸ್ಥೆಗೆ ಸೇರಿಸುವುದು ಮೊದಲನೆಯದು. ಡೆಬಿಯನ್ ವ್ಯವಸ್ಥೆಗೆ ಉಬುಂಟುವಿನ ಪ್ಯಾಕೇಜುಗಳನ್ನು ಬೆರೆಸಿದರೆ ಮುಂದಿನ ನವೀಕರಣದಲ್ಲಿ ಅವಲಂಬನೆಗಳು ಒಂದಕ್ಕೊಂದು ಹೊಂದುವುದಿಲ್ಲ. ಹಳೆಯದಾಯಿತೆಂದು ವ್ಯವಸ್ಥೆಯ ‘ಪೈಥಾನ್’ ಅನ್ನು ತೆಗೆದುಹಾಕುವುದು ಎರಡನೆಯದು. ಹಲವು ವಿತರಣೆಗಳ ಸ್ವಂತ ಉಪಕರಣಗಳೇ ಪೈಥಾನ್ ಭಾಷೆಯಲ್ಲಿ ರಚಿತವಾಗಿರುವುದರಿಂದ, ಅದನ್ನು ತೆಗೆದರೆ ಅವೂ ನಿಂತುಹೋಗುತ್ತವೆ. ಕಲಿಕೆಗಾಗಿ ಹೊಸ ಆವೃತ್ತಿ ಬೇಕಾದವರು ಅದನ್ನು ತಮ್ಮ ಕೋಶದಲ್ಲಿ ಪ್ರತ್ಯೇಕವಾಗಿ ಇರಿಸಿಕೊಳ್ಳಬೇಕು.

ಡಿಸ್ಕಿನ ಹೆಸರು ತಪ್ಪುವುದು

ಸ್ಥಾಪನೆಗಾಗಿ ಪೆನ್‌ಡ್ರೈವನ್ನು ಸಿದ್ಧಪಡಿಸಲು ‘ಡಿಡಿ’ ಎಂಬ ಆದೇಶವನ್ನು ಬಳಸುವುದುಂಟು. ಒಂದು ಮೂಲದಿಂದ ಓದಿ ಇನ್ನೊಂದು ಡಿಸ್ಕಿನ ಮೇಲೆ ನೇರವಾಗಿ ಬರೆಯುವುದು ಅದರ ಕೆಲಸ. ಬರೆಯಬೇಕಾದ ಡಿಸ್ಕಿನ ಮೇಲೆ ಈಗಾಗಲೇ ಏನಿದೆಯೆಂದು ಅದು ನೋಡುವುದಿಲ್ಲ. ಡಿಸ್ಕುಗಳ ಹೆಸರುಗಳು ‘ಎಸ್‌ಡಿಎ’, ‘ಎಸ್‌ಡಿಬಿ’ ಎಂದು ಕೊನೆಯ ಒಂದಕ್ಷರದಿಂದ ಮಾತ್ರ ಬೇರೆಯಾಗಿರುತ್ತವೆ. ಆ ಒಂದಕ್ಷರ ತಪ್ಪಿದರೆ ಪೆನ್‌ಡ್ರೈವಿನ ಬದಲು ಮನೆಯ ದಾಖಲೆಗಳಿರುವ ಡಿಸ್ಕು ಅಳಿಸಿಹೋಗುತ್ತದೆ. ಆದೇಶ ನೀಡುವ ಮುನ್ನ ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಆದೇಶದಿಂದ ಡಿಸ್ಕುಗಳ ಪಟ್ಟಿಯನ್ನು ಪಡೆದು, ಗಾತ್ರವನ್ನು ಹೋಲಿಸಿ ನೋಡಬೇಕು. 16 ಗಿಗಾಬೈಟಿನ ಪೆನ್‌ಡ್ರೈವ್ ಯಾವುದು, 500 ಗಿಗಾಬೈಟಿನ ಡಿಸ್ಕು ಯಾವುದು ಎಂಬುದು ಆಗ ಸ್ಪಷ್ಟವಾಗುತ್ತದೆ. ವಿಂಡೋಸ್ ಇರುವ ಯಂತ್ರದಲ್ಲಿ ಲಿನಕ್ಸನ್ನೂ ಸ್ಥಾಪಿಸುವಾಗ ‘ಡಿಸ್ಕನ್ನು ಪೂರ್ತಿಯಾಗಿ ಅಳಿಸು’ ಎಂಬ ಆಯ್ಕೆಯನ್ನು ಒತ್ತುವುದೂ ಇದೇ ಜಾತಿಯ ತಪ್ಪು.

ಯಂತ್ರವು ಚಾಲನೆಗೊಂಡಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬ ವಿವರವು ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿರುತ್ತದೆ. ಹೊಸ ಡಿಸ್ಕನ್ನು ಸೇರಿಸುವಾಗ ಇದರಲ್ಲಿ ತಪ್ಪು ಸಾಲನ್ನು ಬರೆದರೆ, ಅಥವಾ ಬರೆದ ಡಿಸ್ಕನ್ನು ಮುಂದೆ ಕಳಚಿದರೆ, ಚಾಲನೆಯು ಅರ್ಧದಲ್ಲಿಯೇ ನಿಲ್ಲುತ್ತದೆ. ಸಾಮಾನ್ಯವಾಗಿ ವ್ಯವಸ್ಥೆಯು ಆ ಡಿಸ್ಕಿಗಾಗಿ 90 ಸೆಕೆಂಡು ಕಾದು, ಬಳಿಕ ತುರ್ತುಸ್ಥಿತಿಯ ಕಪ್ಪು ಪರದೆಯನ್ನು ತೋರಿಸುತ್ತದೆ. ಹೊರಗಿನ ಡಿಸ್ಕಿನ ಸಾಲಿಗೆ ‘ನೋಫೇಲ್’ ಎಂಬ ಪದವನ್ನು ಸೇರಿಸಿದರೆ, ಡಿಸ್ಕು ಇಲ್ಲದಿದ್ದರೂ ಚಾಲನೆಯು ಮುಂದುವರಿಯುತ್ತದೆ. ತಿದ್ದುವ ಮುನ್ನ ಈ ಕಡತದ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ತಿದ್ದಿದ ಮೇಲೆ ಯಂತ್ರವನ್ನು ಮರುಚಾಲನೆಗೊಳಿಸುವ ಮುನ್ನವೇ ‘ಮೌಂಟ್’ ಆದೇಶದಿಂದ ಪರೀಕ್ಷಿಸಬೇಕು. ‘ಸುಡೋ’ ನಿಯಮಾವಳಿಯ ಕಡತವನ್ನು ತಿದ್ದಲು ‘ವೀಸುಡೋ’ ಎಂಬ ಪ್ರತ್ಯೇಕ ಉಪಕರಣವಿದೆ. ಅದು ಬರವಣಿಗೆಯ ದೋಷವನ್ನು ಉಳಿಸುವ ಮೊದಲೇ ಎತ್ತಿ ತೋರಿಸುತ್ತದೆ.

ತುಂಬಿದ ಡಿಸ್ಕು ಮತ್ತು ನಡುವೆ ನಿಂತ ನವೀಕರಣ

ಡಿಸ್ಕು ಪೂರ್ತಿ ತುಂಬಿದಾಗ ವ್ಯವಸ್ಥೆಗೆ ತನ್ನ ತಾತ್ಕಾಲಿಕ ಕಡತಗಳನ್ನು ಬರೆಯಲು ಸ್ಥಳವಿರುವುದಿಲ್ಲ. ಆಗ ಗುಪ್ತಪದ ಸರಿಯಾಗಿದ್ದರೂ ಪ್ರವೇಶದ ಪರದೆಯೇ ಮತ್ತೆ ಮತ್ತೆ ಬರುವುದುಂಟು. ಬಳಕೆದಾರನು ಗುಪ್ತಪದವೇ ಕೆಟ್ಟಿತೆಂದು ಗಾಬರಿಗೊಳ್ಳುತ್ತಾನೆ. ಪ್ರತಿ ನವೀಕರಣದೊಡನೆ ಬರುವ ಹೊಸ ಕರ್ನೆಲ್ಲುಗಳು ‘ಬೂಟ್’ ವಿಭಾಗವನ್ನು ತುಂಬುವುದೂ ಸಾಮಾನ್ಯ. ‘ಡಿಎಫ್’ ಆದೇಶದಿಂದ ಆಗಾಗ ಉಳಿದ ಸ್ಥಳವನ್ನು ನೋಡಿಕೊಳ್ಳಬೇಕು. ಹಳೆಯ ಕರ್ನೆಲ್ಲುಗಳನ್ನು ಕೈಯಿಂದ ಅಳಿಸದೆ, ವಿತರಣೆಯ ಉಪಕರಣದ ಮೂಲಕವೇ ತೆಗೆಯಬೇಕು.

ನವೀಕರಣವು ನಡೆಯುತ್ತಿರುವಾಗ ಪರದೆಯಲ್ಲಿ ಚಲನೆ ಕಾಣಲಿಲ್ಲವೆಂದು ಯಂತ್ರವನ್ನು ಆರಿಸುವುದು ಇನ್ನೊಂದು ತಪ್ಪು. ಆ ಕ್ಷಣದಲ್ಲಿ ಹಳೆಯ ಕಡತವು ಹೋಗಿ ಹೊಸದು ಇನ್ನೂ ಬಾರದೆ ಇರಬಹುದು. ವಿದ್ಯುತ್ ಕೈಕೊಡುವ ಊರುಗಳಲ್ಲಿ ಮೇಜಿನ ಗಣಕಯಂತ್ರದ ನವೀಕರಣವನ್ನು ಯುಪಿಎಸ್ ಇದ್ದಾಗ ಮಾತ್ರ ಕೈಗೊಳ್ಳುವುದು ಲೇಸು. ಡೆಬಿಯನ್, ಉಬುಂಟು ಮತ್ತು ಬಾಸ್ ವ್ಯವಸ್ಥೆಗಳಲ್ಲಿ ನಡುವೆ ನಿಂತ ಸ್ಥಾಪನೆಯನ್ನು ‘ಡಿಪಿಕೆಜಿ’ ಉಪಕರಣದ ‘ಕಾನ್ಫಿಗರ್’ ಸೂಚನೆಯಿಂದ ಪೂರ್ಣಗೊಳಿಸಲು ಸಾಧ್ಯವಿದೆ.

ವ್ಯವಸ್ಥೆಯು ಕೆಟ್ಟಾಗ

ಯಂತ್ರವು ಏಳದಿದ್ದಾಗ ಗಾಬರಿಯಿಂದ ಕೂಡಲೇ ಮರುಸ್ಥಾಪನೆಗೆ ತೊಡಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ವ್ಯವಸ್ಥೆಯು ಕೆಟ್ಟಿದ್ದರೂ ಕಡತಗಳು ಬಹುಪಾಲು ಡಿಸ್ಕಿನಲ್ಲಿಯೇ ಇರುತ್ತವೆ. ಅವನ್ನು ನಿಜವಾಗಿ ಅಳಿಸುವುದು ಅವಸರದ ಮರುಸ್ಥಾಪನೆಯೇ. ಮೊದಲು ಚಾಲನೆಯ ಪಟ್ಟಿಯಲ್ಲಿ ಹಿಂದಿನ ಕರ್ನೆಲ್ಲನ್ನು ಆರಿಸಿ ನೋಡಬೇಕು. ಅದೂ ನಡೆಯದಿದ್ದರೆ, ಸ್ಥಾಪನೆಗೆ ಬಳಸಿದ ಪೆನ್‌ಡ್ರೈವಿನಿಂದಲೇ ಯಂತ್ರವನ್ನು ‘ಲೈವ್’ ಸ್ಥಿತಿಯಲ್ಲಿ ಚಾಲನೆಗೊಳಿಸಿ, ಮುಖ್ಯವಾದ ಕಡತಗಳನ್ನು ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿಕೊಳ್ಳಬೇಕು. ರಿಪೇರಿಯ ಕೆಲಸ ಅದಾದ ಮೇಲೆ. ಕಡತಗಳನ್ನು ತಪ್ಪಿ ಅಳಿಸಿದ್ದರೆ ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯದೆ ಯಂತ್ರವನ್ನು ನಿಲ್ಲಿಸಿ, ಬಲ್ಲವರಲ್ಲಿಗೆ ಒಯ್ಯುವುದು ಉಚಿತ.

ಮೀಸಲು ಪ್ರತಿಯೇ ರಕ್ಷೆ

ಇಂತಹ ತಪ್ಪುಗಳು ಹೊಸಬರಿಗೆ ಮಾತ್ರ ಮೀಸಲಾದವಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಅನುಭವೀ ತಂತ್ರಜ್ಞರೊಬ್ಬರು, ತಾವು ಬೇರೊಂದು ಯಂತ್ರದಲ್ಲಿದ್ದೇವೆಂದು ಭಾವಿಸಿ, ಮುಖ್ಯ ಯಂತ್ರದ ದತ್ತಾಂಶ ಕೋಶವನ್ನು ಅಳಿಸಿದರು. ತಪ್ಪಿನ ಅರಿವಾಗಿ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಅಳಿದಿತ್ತು. ಮೀಸಲು ಪ್ರತಿಗಾಗಿ ಹಲವು ಏರ್ಪಾಡುಗಳಿದ್ದರೂ ಅವು ಆ ವೇಳೆಗೆ ಸರಿಯಾಗಿ ನಡೆಯುತ್ತಿರಲಿಲ್ಲ. ಆಕಸ್ಮಿಕವಾಗಿ ಆರು ಗಂಟೆಗಳ ಹಿಂದೆ ತೆಗೆದಿರಿಸಿದ್ದ ಒಂದು ಪ್ರತಿಯಿಂದ ವ್ಯವಸ್ಥೆಯನ್ನು ಮರಳಿ ಕಟ್ಟಲಾಯಿತು. ಸಂಸ್ಥೆಯು ನಡೆದುದನ್ನು ಮುಚ್ಚಿಡದೆ ವಿವರವಾಗಿ ಪ್ರಕಟಿಸಿತು.

ಅದಕ್ಕೂ ಮೊದಲು, 1998ರಲ್ಲಿ, ‘ಟಾಯ್ ಸ್ಟೋರಿ 2’ ಚಲನಚಿತ್ರದ ತಯಾರಿಕೆಯ ವೇಳೆ ಪಿಕ್ಸಾರ್ ಸಂಸ್ಥೆಯಲ್ಲಿ ಅಳಿಸುವ ಆದೇಶವೊಂದು ತಪ್ಪಾಗಿ ನಡೆದು ಚಿತ್ರದ ಬಹುಭಾಗವು ಕಣ್ಮರೆಯಾಯಿತು. ಮೀಸಲು ಪ್ರತಿಗಳೂ ದೋಷಯುಕ್ತವಾಗಿದ್ದವು. ಮಗು ಹುಟ್ಟಿದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಮನೆಯ ಗಣಕಯಂತ್ರದಲ್ಲಿದ್ದ ಪ್ರತಿಯೇ ಕೊನೆಗೆ ಆಸರೆಯಾಯಿತು. ಕಾರಿನಲ್ಲಿ ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಜೋಪಾನವಾಗಿ ತರಲಾಯಿತು. ಬೇರೆ ಸ್ಥಳದಲ್ಲಿ ಒಂದು ಪ್ರತಿ ಇರಬೇಕೆಂಬ ನಿಯಮದ ಮಹತ್ವವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆ ದೊರೆಯುವುದು ಕಷ್ಟ.

ಹೊಸ ಬಳಕೆದಾರರು ನೆನಪಿನಲ್ಲಿಡಬೇಕಾದ ಮುಖ್ಯಾಂಶಗಳು ಇವು:

1. ದಿನದ ಕೆಲಸಕ್ಕೆ ರೂಟ್ ಅಧಿಕಾರವನ್ನು ಬಳಸಬಾರದು.

2. ಅರ್ಥವಾಗದ ಆದೇಶವನ್ನು ಬೇರೆಡೆಯಿಂದ ನಕಲು ಮಾಡಿ ನಡೆಸಬಾರದು.

3. ಅಳಿಸುವ ಮುನ್ನ ದಾರಿಯ ಹೆಸರನ್ನೂ, ಬರೆಯುವ ಮುನ್ನ ಡಿಸ್ಕಿನ ಹೆಸರನ್ನೂ ಎರಡು ಬಾರಿ ಓದಬೇಕು.

4. ವ್ಯವಸ್ಥೆಯ ಕಡತವನ್ನು ತಿದ್ದುವ ಮುನ್ನ ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು.

5. ಮುಖ್ಯ ಕಡತಗಳ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ ಇರಬೇಕು. ಪ್ರತಿ ಮಾಡಿದ ನಂತರ ಡಿಸ್ಕನ್ನು ಯಂತ್ರದಿಂದ ಕಳಚಿಡಬೇಕು.

6. ಮೀಸಲು ಪ್ರತಿಯಿಂದ ಕಡತವು ನಿಜವಾಗಿ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು.

ಈಜು ಕಲಿಯುವವನು ನೀರು ಕುಡಿಯುವುದು ಸಹಜ. ಲಿನಕ್ಸನ್ನು ಚೆನ್ನಾಗಿ ಬಲ್ಲವರಲ್ಲಿ ಒಮ್ಮೆಯಾದರೂ ತಮ್ಮ ವ್ಯವಸ್ಥೆಯನ್ನು ಕೆಡಿಸಿಕೊಳ್ಳದವರು ವಿರಳ. ಮೀಸಲು ಪ್ರತಿಯು ಕೈಯಲ್ಲಿದ್ದರೆ ಕೆಟ್ಟ ವ್ಯವಸ್ಥೆಯು ಒಂದು ಸಂಜೆಯ ಪಾಠವಾಗುತ್ತದೆ. ಅದಿಲ್ಲದಿದ್ದರೆ ಅದೇ ತಪ್ಪು ಬಹುಕಾಲದ ನಷ್ಟವಾಗಿ ಉಳಿಯುತ್ತದೆ. ಆದುದರಿಂದ ಲಿನಕ್ಸ್ ಕಲಿಕೆಯ ಮೊದಲ ಪಾಠವು ಆದೇಶಗಳಿಂದಲ್ಲ, ಮೀಸಲು ಪ್ರತಿಯಿಂದ ಆರಂಭವಾಗಬೇಕು.